ಹಿನ್ನೀರಿನ ದಡದ ಖಾಲಿ ನೆಲ

ನನ್ನ ಗಂಡ ತಿಪಟೂರಿನ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರಾಗಿದ್ದರು. ನೈಜೀರಿಯಾದ ಶಾಲೆಗಳಿಗೆ ಮೇಷ್ಟ್ರು ಬೇಕೆಂದು ಪೇಪರಿನಲ್ಲಿ ನೋಡಿ ಅರ್ಜಿ ಹಾಕಿದರು, ಸಿಕ್ಕಿಯೂಬಿಟ್ಟಿತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹೊರಡುವ ಮುಂಚೆ ಒಂದು ವಾರ ಮನೆಯಲ್ಲಿ ನನಗೇ ಪಾಠ: ಕರಾವಳಿ, ಹಿನ್ನೀರು, ಜೌಗು ನೆಲ, ಚದರ ಮೈಲಿಗೆ ಎಷ್ಟು ಜನ ಅಂತ. ನೊಣವಿನಕೆರೆ ಹತ್ತಿರದ ತೋಟದ ಮನೆಯಿಂದ ಅತ್ತೆ ಬಂದು, "ಮಗೀನ ಇಲ್ಲೇ ಬುಟ್ಟೋಗವ್ವ, ನಾನ್ ಸಾಕ್ತೀನಿ" ಅಂದರು. ಮಗಳಿಗೆ ಆಗ ಮೂರು ವರ್ಷ. ನಾನು ಒಪ್ಪಲಿಲ್ಲ.

ನಮಗೆ ಸಿಕ್ಕಿದ್ದು ಸಮುದ್ರಕ್ಕೆ ಹತ್ತಿರದ ಒಂದು ಊರು. ಜನ ಅಂದರೆ ಜನ. ಬಸ್ಸಿನ ಬಾಗಿಲಿಂದಲೇ ಮಾರ್ಕೆಟ್ಟು ಶುರು; ಮೀನು ಮಾರುವವರು, ಹೊಲಿಗೆಯವರು, ಜಡೆ ಹೆಣೆಯುವವರು ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿರುತ್ತಿದ್ದರು. ಕಿಬ್ಬನಹಳ್ಳಿಯಲ್ಲಿ ಬಸ್ಸು ಕಾಯುವವರನ್ನೇ ಜನಜಂಗುಳಿ ಅಂದುಕೊಂಡಿದ್ದ ನನಗೆ ಉಸಿರು ಕಟ್ಟುತ್ತಿತ್ತು. ನಮ್ಮದು ವಠಾರದಲ್ಲಿ ಎರಡು ಕೋಣೆ. ವಠಾರದ ಒಡತಿ ವಯಸ್ಸಾದ ವಿಧವೆ, ನನ್ನ ಮಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಅಂಗಳ ಗುಡಿಸುತ್ತಿದ್ದಳು. ಆ ಅಂಗಳದ ಮೂಲೆಯಲ್ಲಿ ಎರಡು ಗೋರಿ, ಒಂದು ಅವಳ ಗಂಡನದು, ಒಂದು ತಾಯಿಯದು. ಅವುಗಳ ಮೇಲೆ ಬಟ್ಟೆ ಒಣಗುತ್ತಿತ್ತು, ಮಕ್ಕಳು ಕೂತು ಉಣ್ಣುತ್ತಿದ್ದವು. ನನಗೆ ಹೇಸಿಗೆಯಾಗುತ್ತಿತ್ತು, ಮುಚ್ಚಿಡುವುದೇನು.

ಎರಡನೆಯ ವರ್ಷ ಜನವರಿಯಲ್ಲಿ ಮಗಳಿಗೆ ಮಲೇರಿಯಾ ಬಂತು. ಮೂರೇ ದಿನ. ಆ ಮೂರು ದಿನವನ್ನು ನಾನು ಬರೆಯಲಾರೆ.

ಒಡತಿ ನನ್ನ ಪಕ್ಕ ಕೂತು ಹರಕು ಇಂಗ್ಲಿಷಿನಲ್ಲಿ ಹೇಳಿದಳು: "ನನ್ನ ತಾಯಿಯ ಪಕ್ಕ ಜಾಗ ಇದೆ. ಈ ಮನೆಯ ಮಗು ಈ ಮನೆಯಲ್ಲೇ ಇರಲಿ." ಇದಕ್ಕಿಂತ ದೊಡ್ಡ ಮಾತನ್ನು ಯಾರೂ ನನಗೆ ಆಡಿಲ್ಲ. ಆಗ ಅದು ತಿಳಿಯಲಿಲ್ಲ. "ಜನ ತುಳಿದಾಡೋ ಅಂಗಳದಲ್ಲಾ? ಬ್ಯಾಡ ಕಣ್ರೀ" ಎಂದು ಗಂಡನಿಗೆ ಹೇಳಿದವಳು ನಾನೇ.

ಅವರು ಊರಾಚೆ ಹಿನ್ನೀರಿನ ದಡದಲ್ಲಿ ಒಂದು ಬಯಲು ಹುಡುಕಿದರು. ಗುಡಿಸಲುಗಳಿಲ್ಲ, ಗದ್ದಲವಿಲ್ಲ, ನಮ್ಮೂರ ಹೊರಗಿನ ಬಯಲಿನ ಹಾಗೇ ಇತ್ತು. ಜೊತೆಗೆ ಬಂದಿದ್ದ ಒಡತಿ, "ಇಲ್ಲಿ ಬೇಡ, ನೀರು ಬರುತ್ತದೆ" ಅಂದಳು. ಇವರು ಹಿಮ್ಮಡಿಯಿಂದ ನೆಲ ಗುದ್ದಿ ನನಗೆ ತೋರಿಸಿದರು. "ಕಲ್ಲಿದ್ದಂಗೈತೆ ಕಣೇ. ಎಲ್ಲಿಂದ ಬತ್ತೈತೆ ನೀರು?" ನಾನು ಹುಟ್ಟಿ ಬೆಳೆದದ್ದು ಚಿಕ್ಕನಾಯಕನಹಳ್ಳಿ ಕಡೆ. ನೀರೆಂದರೆ ಆಳದ ಬಾವಿಯಲ್ಲಿರುವುದು, ಹಗ್ಗ ಬಿಟ್ಟು ಸೇದಿದರೆ ಸಿಗುವುದು. ಅದು ತಾನಾಗಿ ಬಂದು ನೆಲವನ್ನು ಮುಚ್ಚುತ್ತದೆಂದು ನಾನೂ ನಂಬಲಿಲ್ಲ. ಕಾಲಿಡಲು ಜಾಗವಿಲ್ಲದ ಆ ನಾಡಿನಲ್ಲಿ ಒಂದು ಬಯಲು ಖಾಲಿ ಬಿದ್ದಿದೆಯೆಂದರೆ ಯಾಕೆ ಎಂದು ಭೂಗೋಳದ ಮೇಷ್ಟ್ರಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅಲ್ಲೇ ಮಣ್ಣು ಮಾಡಿ, ಗುರುತಿಗೆ ನಾಲ್ಕು ಕಲ್ಲಿಟ್ಟು ಬಂದೆವು.

ಜೂನಿನಲ್ಲಿ ಮಳೆ ಹಿಡಿದು ಎರಡು ವಾರ ಬಿಡಲಿಲ್ಲ. ಹೋಗಿ ನೋಡಿದರೆ ಬಯಲೇ ಇಲ್ಲ. ಮಗಳನ್ನು ಮಲಗಿಸಿದ್ದ ಕಡೆ ಒಬ್ಬ ದೋಣಿ ನಿಲ್ಲಿಸಿಕೊಂಡು ಬಲೆ ಬೀಸುತ್ತಿದ್ದ. ಇವರು ಉಟ್ಟ ಬಟ್ಟೆಯಲ್ಲೇ ಸೊಂಟದವರೆಗೆ ಇಳಿದು, ಕಲ್ಲಿಗಾಗಿ ಕಾಲಲ್ಲಿ ತಡಕಾಡಿದರು. ಒಡತಿ ಬೈದು ಎಳೆದು ತಂದಳು. ನಾನು ಹೇಳಿರಲಿಲ್ಲವಾ ಎಂದು ಆಕೆ ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ನೀರು ಇಳಿದಾಗ ದಡವೇ ಬೇರೆ ಕಡೆ ಸರಿದಿತ್ತು, ಹುಡುಕಲು ಏನೂ ಉಳಿದಿರಲಿಲ್ಲ.

ಮಾರನೆಯ ವರ್ಷ ಊರಿಗೆ ವಾಪಸು ಬಂದೆವು. ಮಗಳು ಹೋದ ಸುದ್ದಿ ಅತ್ತೆಗೆ ಕಾಗದದಲ್ಲೇ ತಿಳಿದಿತ್ತು. ನಾವು ಬಂದ ಎರಡನೆಯ ದಿನ, ಕೊಬ್ಬರಿ ಸುಲಿಯುವವರಿಗೆ ಕಾಫಿ ಕೊಟ್ಟು ಬಂದು ಮಗನ ಎದುರು ಕೂತರು.

"ಮಗೀನ ಎಲ್ಲಿ ಮಣ್ಣು ಮಾಡುದ್ರಪ್ಪ?"

ಇವರು ನನ್ನ ಮುಖ ನೋಡಲಿಲ್ಲ. "ಮನೆ ಅಂಗಳದಲ್ಲೇ ಕಣವ್ವ. ಆ ಮನೆಯವಳೇ ಜಾಗ ಕೊಟ್ಟಳು. ಅವಳ ತಾಯಿ ಪಕ್ಕ."

ಅತ್ತೆ ಬೆಚ್ಚಿಬೀಳುತ್ತಾರೆ ಅಂದುಕೊಂಡೆ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಒಳ್ಳೇದಾಯ್ತು ಬುಡು. ಸುತ್ತ ಜನ ಓಡಾಡ್ಕಂಡಿರ್ತಾರೆ, ಮಗಿಗೆ ಅಂಜಿಕೆ ಆಗಲ್ಲ." ನನ್ನ ಕಡೆ ತಿರುಗಿ, "ಅಲ್ವೇನವ್ವ?" ಅಂದರು.

ಹೌದು ಅಂದೆ. ಅವರು ಬದುಕಿದ್ದಷ್ಟು ದಿನವೂ ಕೇಳುತ್ತಲೇ ಇದ್ದರು, ಅಂಗಳದಲ್ಲಿ ನೆರಳಿದೆಯಾ, ಹತ್ತಿರದಲ್ಲಿ ಮಕ್ಕಳು ಆಡುತ್ತವಾ ಎಂದು. ಇದೆ, ಆಡುತ್ತವೆ ಎಂದೇ ನಾನು ಹೇಳಿಕೊಂಡು ಬಂದೆ.