ಶೂ ಒಳಗಿನ ಬೆಳ್ಳಿ

ಮೊದಲನೇ ಗುಂಡಿಯಲ್ಲಿ ಏನೂ ಸಿಗಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದನ್ನು ತೋಡುವ ಹೊತ್ತಿಗೆ ಬೆಳ್ಳಿ ಎಲ್ಲಿದೆ ಅಂತ ನನಗೆ ಗೊತ್ತಾಗಿಹೋಗಿತ್ತು. ಆದರೂ ಬಾಯಿ ಬಿಡಲಿಲ್ಲ. ಕಾನ್ವೆಂಟ್‌ನಲ್ಲಿ ಕಲಿಸಿದ ಹಾಗೆ ಎರಡೂ ಪಾದ ಜೋಡಿಸಿಕೊಂಡು, ಕೈಕಟ್ಟಿ, ಏನೂ ಅರಿಯದವಳ ಹಾಗೆ ಆಕಾಶ ನೋಡುತ್ತ ನಿಂತಿದ್ದೆ.

ಇದು ತೊಂಬತ್ತರ ದಶಕದ ಮಾತು. ಅಮೆರಿಕದ ವರ್ಜೀನಿಯಾದಲ್ಲಿ, ಆಲ್ಡಿ ಅನ್ನೋ ಊರಿನ ಹತ್ತಿರ ಒಂದು ಹಳೇ ಫಾರ್ಮ್ ಇತ್ತು. ದೊಡ್ಡ ಮನೆ ಎಂದೋ ಸುಟ್ಟುಹೋಗಿ ಬರೀ ಚಿಮಣಿ ನಿಂತಿತ್ತು. ಅದರ ಹಿಂದೆ ಒಂದು ಸಾಲು ಪುಟ್ಟ ಮನೆಗಳಿದ್ದವಂತೆ. ಉಳಿದದ್ದು ಅಲ್ಲೊಂದು ಇಲ್ಲೊಂದು ಒಲೆಯ ಕಲ್ಲು ಮಾತ್ರ. ಇನ್ನೆರಡು ವರ್ಷದಲ್ಲಿ ಅಲ್ಲೆಲ್ಲ ಹೊಸ ಮನೆ ಏಳುತ್ತವೆ ಅಂತ ರಸ್ತೆ ಬದಿಯಲ್ಲಿ ಬೋರ್ಡ್ ಹಾಕಿದ್ದರು. ಅಷ್ಟರೊಳಗೆ ನೆಲದಲ್ಲಿ ಏನಿದೆಯೋ ಹುಡುಕಿ ನೋಡೋಣ ಅಂತ ಹೊರಟವರು ನಾವು ಮೂವರು ಮುದುಕಿಯರು. ಮುದುಕಿಯರು ಅಂತ ಈಗ ಬರೀತೀನಿ. ಆಗ ಯಾರಾದರೂ ಹಾಗಂದಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ.

ಒಬ್ಬರು ಬೆಂಗಳೂರಿನ ರಿಟೈರ್ಡ್ ಹೆಡ್‌ಮಿಸ್ಟ್ರೆಸ್. ನಾವು ಅವರನ್ನು ಮಿಸ್ ಅಂತಲೇ ಕರೆಯುತ್ತಿದ್ದೆವು. ಮೆಟಲ್ ಡಿಟೆಕ್ಟರ್ ಅವರದು. ಅಳಿಯ ಯಾರೋ ಮನೆಯ ಹಳೇ ಸಾಮಾನು ಮಾರುವ ಗರಾಜ್ ಸೇಲ್‌ನಲ್ಲಿ ತಂದು, ಎರಡು ದಿನ ಆಡಿಸಿ, ಬೇಸ್‌ಮೆಂಟ್‌ಗೆ ಎಸೆದಿದ್ದನ್ನು ಇವರು ಒರೆಸಿ, ಬ್ಯಾಟರಿ ಹಾಕಿ, ತಮ್ಮದು ಮಾಡಿಕೊಂಡಿದ್ದರು. ಇನ್ನೊಬ್ಬರು ಮೈಸೂರಿನ ಮಂಡಿ ಮೊಹಲ್ಲಾದವರು, ನಮ್ಮ ಆಪಾ. ಅಲ್ಲೇ ಹತ್ತಿರದ ಶ್ಯಾಂಟಿಲಿಯಲ್ಲಿ ಮಗನ ಮನೆ. ಮೂವರಲ್ಲಿ ಡ್ರೈವಿಂಗ್ ಲೈಸೆನ್ಸ್ ಇದ್ದಿದ್ದು ಅವರಿಗೊಬ್ಬರಿಗೇ. ಹಿಂದಿನ ಕಾರಿನವರು ಎಷ್ಟು ಹಾರ್ನ್ ಹೊಡೆದರೂ ಸ್ಟೇಷನ್ ವ್ಯಾಗನ್ನನ್ನು ಮದುವೆ ಮೆರವಣಿಗೆ ಹಾಗೆ ಓಡಿಸುತ್ತಿದ್ದರು. ಮೂರನೆಯವಳು ನಾನು. ಮೈಸೂರಿನ ಒಂದು ಕಾನ್ವೆಂಟ್‌ನಲ್ಲಿ ಓದಿ, ಅಲ್ಲೇ ಹಿಸ್ಟರಿ ಟೀಚರ್ ಆಗಿ, ನಮ್ಮವರು ಹೋದ ಮೇಲೆ ಮಗಳ ಜೊತೆ ಇರೋಣ ಅಂತ ಬಂದವಳು.

ಮೊದಲು ಮೂವರೂ ಮಾಲ್‌ನಲ್ಲಿ ವಾಕ್ ಮಾಡುತ್ತಿದ್ದೆವು. ಅಂಗಡಿ ತೆರೆಯೋದಕ್ಕೂ ಮುಂಚೆ ಮಾಲ್ ಒಳಗೆ ಸುತ್ತು ಹಾಕೋದು. ಒಂದು ದಿನ ಆಪಾ, "ನೋಡಿದ್ದೇ ಬಟ್ಟೆ ನೋಡಿ ನೋಡಿ ಸಾಕಾಯ್ತು, ಈ ದೇಶದ ಮಣ್ಣಾದ್ರೂ ನೋಡೋಣ" ಅಂದರು. ಆಮೇಲೆ ಪ್ರತಿ ಶನಿವಾರ ಬೆಳಗ್ಗೆ ಫಾರ್ಮ್. ಅದರ ಯಜಮಾನರು ಎಪ್ಪತ್ತು ದಾಟಿದ ಬಿಳಿಯರು, ಒಳ್ಳೇ ಮನುಷ್ಯ. ಅವರದು ಮೂರು ರೂಲ್: ತೋಡಿದ ಗುಂಡಿ ಮುಚ್ಚಬೇಕು, ಗೇಟ್ ಹಾಕಬೇಕು, ಸಿಕ್ಕಿದ್ದು ತೋರಿಸಬೇಕು. ಮೊದಲ ದಿನವೇ ನಾನು ಕೇಳಿದ್ದೆ, ಆ ಸಾಲುಮನೆಗಳಲ್ಲಿ ಯಾರಿದ್ದರು ಅಂತ.

"ಕೆಲಸದವರು, ಮ್ಯಾಮ್."

"ಸಂಬಳದ ಕೆಲಸದವರಾ?"

ಅವರು ಟೋಪಿ ತೆಗೆದು ಅದರ ಒಳಗೆ ನೋಡಿದರು. "ಅಲ್ಲ ಮ್ಯಾಮ್" ಅಂದರು.

ಮೆಷಿನ್ ಅಂದರೆ ಒಂದು ಉದ್ದ ಕೋಲು, ತುದಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಚಕ್ರ. ನೆಲಕ್ಕೆ ತಾಗಿಸದೆ, ಕಸ ಗುಡಿಸುವ ಹಾಗೆ ಆ ಕಡೆ ಈ ಕಡೆ ಆಡಿಸಬೇಕು. ಕಬ್ಬಿಣಕ್ಕೆ ಗೊರ್ ಅನ್ನುತ್ತೆ. ಬೆಳ್ಳಿಗೆ ಸಣ್ಣ ಹಕ್ಕಿಯ ಹಾಗೆ ಟುಯ್ಯ್ ಅನ್ನುತ್ತೆ. ನಮಗೆ ಅದುವರೆಗೆ ಸಿಕ್ಕಿದ್ದೆಲ್ಲ ಗೊರ್ ಜಾತಿಯದೇ: ಚೌಕ ತಲೆಯ ಮೊಳೆ, ಕುದುರೆ ಲಾಳ, ಬಾಗಿಲ ಚಿಲಕ. ಹೆಚ್ಚೆಂದರೆ ಕೋಟಿನ ಒಂದು ಹಿತ್ತಾಳೆ ಗುಂಡಿ. ಎಲ್ಲವೂ ಹಳೇ ಕಾಫಿ ಡಬ್ಬದಲ್ಲಿ.

ಆ ಶನಿವಾರ ಮಿಸ್ ನನ್ನ ಪಕ್ಕದಲ್ಲೇ ಮೆಷಿನ್ ಆಡಿಸುತ್ತಿದ್ದಾಗ ಹಕ್ಕಿ ಕೂಗಿತು.

"ಬೆಳ್ಳಿ" ಅಂದರು ಮಿಸ್. "ಇವ್ರೇ, ಸ್ವಲ್ಪ ಸರೀರಿ."

ಸರಿದೆ. ಆಪಾ ತೋಡಿದರು. ಏನಿಲ್ಲ. ಮಿಸ್ ಮತ್ತೆ ಆಡಿಸಿದರು. ಹಕ್ಕಿ ಈಗ ನಾನು ಸರಿದು ನಿಂತ ಕಡೆ ಕೂಗಿತು. ಮತ್ತೆ ಸರಿದೆ, ಮತ್ತೆ ತೋಡಿದರು. ಹೀಗೆ ಮೂರು ಗುಂಡಿ. ಬೆಳ್ಳಿ ನನ್ನ ಹಿಂದೆ ನಾಯಿಮರಿ ಹಾಗೆ ಬರುತ್ತಿತ್ತು. ಅಷ್ಟರಲ್ಲಿ ಯಜಮಾನರು ಟ್ರ್ಯಾಕ್ಟರ್ ನಿಲ್ಲಿಸಿ ಬಂದು, ಗುಂಡಿಗಳನ್ನು ನೋಡಿ, ನನ್ನನ್ನು ನೋಡಿ ನಕ್ಕರು. "ಅದು ನೆಲದಲ್ಲಿಲ್ಲ ಮ್ಯಾಮ್. ನಿಮ್ಮ ಶೂನಲ್ಲಿದೆ. ನನ್ನ ಬೂಟಿನ ತುದಿಯಲ್ಲೂ ಸ್ಟೀಲ್ ಇದೆ, ಹೀಗೇ ಆಗುತ್ತೆ. ತಟ್ಟೆಯನ್ನ ಕಾಲಿಂದ ಸ್ವಲ್ಪ ದೂರ ಹಿಡೀರಿ, ಅಷ್ಟೇ."

"ಇವರದು ಬಟ್ಟೆ ಶೂ" ಅಂದರು ಮಿಸ್. "ಅದರಲ್ಲೇನಿದೆ ಸ್ಟೀಲು? ಬಿಚ್ಚಿ ನೋಡೋಣ."

ಬಿಚ್ಚಿದೆ. ಸಾಕ್ಸೂ ಬಿಚ್ಚಿದೆ. ಎರಡೂ ಕಾಲಿನ ಎರಡನೇ ಬೆರಳಿನಲ್ಲಿ ಮೂರು ಸುತ್ತಿನ ಕಾಲುಂಗುರ. ಯಜಮಾನರು ಚೆನ್ನಾಗಿದೆ ಅಂತ ಹೇಳಿ ಟ್ರ್ಯಾಕ್ಟರ್ ಹತ್ತಿ ಹೋದರು. ಮಿಸ್ ನನ್ನ ಕಾಲನ್ನೇ ನೋಡುತ್ತಿದ್ದರು. ನಮ್ಮವರು ಹೋಗಿ ನಾಲ್ಕು ವರ್ಷವಾಗಿದೆ ಅಂತ ಅವರಿಗೆ ಗೊತ್ತಿತ್ತು. ಮಿಸ್ ಅವರ ಗಂಡ ತೀರಿಹೋಗಿ ಆರು ವರ್ಷವಾಗಿತ್ತು.

"ಇದೇನ್ರೀ ಇದು?"

"ಕಾಲುಂಗುರ."

"ಅದು ಕಾಣಿಸತ್ತೆ." ತಟ್ಟೆಯನ್ನು ನನ್ನ ಕಾಲಿಂದ ಆಚೆ ಸರಿಸಿ, "ಮೆಷಿನ್‌ಗೆ ಡಿಸ್ಟರ್ಬ್ ಆಗತ್ತೆ. ತೆಗೆದುಬಿಡಿ" ಅಂದರು.

ಆಪಾ ಗುದ್ದಲಿ ಊರಿ ನಿಂತರು. "ನನ್ನ ದವಡೆ ಹಲ್ಲಲ್ಲಿ ಬೆಳ್ಳಿ ತುಂಬಿಸಿದಾರೆ ಮಿಸ್. ಅದನ್ನೂ ಕೀಳಿಸ್ಕೊಂಡು ಬರ್ಲಾ?"

ಯಾರೂ ನಗಲಿಲ್ಲ.

ಆ ಉಂಗುರದ ವಿಷಯ ಹೇಳಿಬಿಡುತ್ತೇನೆ. ಮದುವೆಯಲ್ಲಿ ಹಾಕಿದ ಜೋಡಿ ಸವೆದು ತುಂಡಾಗಿತ್ತು. ಇವು ನನ್ನ ಸಂಬಳದಲ್ಲಿ ಅಶೋಕ ರೋಡಿನಲ್ಲಿ ನಾನೇ ಕೊಂಡಿದ್ದು. ಸಡಿಲ ಇದ್ದವು ಅಂತ ನಮ್ಮವರು ಅಡುಗೆಮನೆ ನೆಲದ ಮೇಲೆ ಕೂತು, ನನ್ನ ಕಾಲನ್ನು ತೊಡೆ ಮೇಲೆ ಇಟ್ಟುಕೊಂಡು, ಇಕ್ಕಳದಲ್ಲಿ ಒತ್ತಿ ಕೂರಿಸಿದ್ದರು. "ಇದು ಬೆರಳೋ ಶುಂಠಿಯೋ" ಅಂತ ಬೈದುಕೊಂಡು. ಇಕ್ಕಳದ ಗೆರೆ ಇವತ್ತೂ ಬಲಗಾಲಿನದರ ಮೇಲಿದೆ. ಮಾರನೇ ದಿನ ಸ್ಕೂಲಿನ ಕಲ್ಲು ನೆಲದ ಮೇಲೆ ಟಿಕ್ ಟಿಕ್ ಅಂದಾಗ ಮದರ್ ಸುಪೀರಿಯರ್ ಬಾಗಿಲಲ್ಲೇ ನಿಲ್ಲಿಸಿ, "ನೋ ಜಿಂಗ್ಲಿಂಗ್ ಇನ್ ಮೈ ಕಾರಿಡಾರ್" ಅಂದರು. ಎಸ್ ಮದರ್ ಅಂದೆ. ತೆಗೆಯಲಿಲ್ಲ. ಕ್ಯಾನ್ವಾಸ್ ಶೂ ಕೊಂಡುಕೊಂಡೆ. ಇಪ್ಪತ್ತು ವರ್ಷ ಅವು ಶೂ ಒಳಗೇ ಪಾಠ ಮಾಡಿದವು.

ನಮ್ಮವರು ಹೋದ ಹತ್ತನೇ ದಿನ ಮಾಂಗಲ್ಯ ನಾನೇ ತೆಗೆದುಕೊಟ್ಟೆ. ಬಳೆಯೂ ಕೊಟ್ಟೆ. ನನ್ನ ಸೋದರತ್ತೆ ಸೋಪಿನ ನೀರು ತಂದು ಕಾಲಿನ ಹತ್ತಿರ ಕೂತಾಗ ಮಾತ್ರ ಕಾಲು ಹಿಂದಕ್ಕೆ ಎಳೆದುಕೊಂಡೆ. ಅವರು ಮತ್ತೆ ಹಿಡಿದರು. ಮತ್ತೆ ಎಳೆದುಕೊಂಡೆ. "ಅತ್ತೆ, ನೀರು ಚೆಲ್ಲತ್ತೆ" ಅಂದೆ. ನಿಜವಾಗಿ ಚೆಲ್ಲಿತು. ನೆಲ ಒರೆಸುವ ಗಡಿಬಿಡಿಯಲ್ಲಿ ಆ ವಿಷಯ ಹಿಂದೆ ಬಿತ್ತು. ಆಮೇಲೆ ನಾನು ಯಾವಾಗಲೂ ಸಾಕ್ಸ್ ಹಾಕತೊಡಗಿದೆ. ಅಮೆರಿಕದಲ್ಲಿ ಅದು ಸುಲಭ. ಇಲ್ಲಿ ಯಾರ ಕಾಲನ್ನೂ ಯಾರೂ ನೋಡೋದಿಲ್ಲ.

ಬುಧವಾರ ಮಿಸ್ ಫೋನ್ ಮಾಡಿದರು.

"ನೋಡಿ ಇವ್ರೇ, ನೇರವಾಗಿ ಹೇಳ್ತೀನಿ. ಮೆಷಿನ್ ನನ್ನದು. ಅದು ಕಾಲಲ್ಲಿದ್ದರೆ ನೀವು ಬರಬೇಡಿ."

"ದೂರ ಹಿಡಿದರೆ ಸಾಕು ಅಂತ ಅವರು ಹೇಳಿದ್ರಲ್ಲ."

"ಮೆಷಿನ್ ವಿಷಯ ಅಲ್ಲ ಅಂತ ನಿಮಗೂ ಗೊತ್ತು. ನಾನು ತೆಗೀಲಿಲ್ವಾ? ನನ್ನ ಕಾಲು ಕಾಲಲ್ವಾ? ನಮ್ಮವರ ಅಕ್ಕ ಬಂದು ಒಂದೊಂದೇ ಎಳೆದ್ರು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ನಿಮಗೇನು ಸ್ಪೆಷಲ್?"

ನಾನು ಅಂದಿದ್ದು ಒಂದೇ. "ತೆಗೆಯೋದಿಲ್ಲ ಮಿಸ್. ಶನಿವಾರ ಬರ್ತೀನಿ."

ಅವರು ಫೋನ್ ಇಟ್ಟರು. ನನಗೆ ಆ ಶನಿವಾರಗಳು ಬೇಕಾಗಿದ್ದವು. ವಾರದ ಉಳಿದ ದಿನ ಮಗಳು ಆಫೀಸಿಗೆ, ಮೊಮ್ಮಗಳು ಸ್ಕೂಲಿಗೆ, ನಾನು ಡಿಶ್‌ವಾಷರ್ ಸದ್ದು ಕೇಳಿಕೊಂಡು ಮನೆಯಲ್ಲಿ. ಆ ಇಬ್ಬರು ಹೋದರೆ ಇಡೀ ದೇಶದಲ್ಲಿ ನನಗೆ "ಇವ್ರೇ" ಅನ್ನುವವರಿರಲಿಲ್ಲ. ಎರಡು ದಿನ ಯೋಚಿಸಿದೆ. ತೆಗೆಯೋದು ಒಂದು ನಿಮಿಷದ ಕೆಲಸ, ಮಗಳ ಬಾತ್‌ರೂಮಿನಲ್ಲಿ ಬೇಕಾದಷ್ಟು ಸೋಪಿದೆ. ಆದರೆ ನನಗೆ ನಾಚಿಕೆ ಆಗಿದ್ದು ಬೇರೆಯದಕ್ಕೆ. ಇಷ್ಟು ವರ್ಷ ಹಟ ಮಾಡಿದೆ ಅಂದುಕೊಂಡಿದ್ದೆ. ಸಾಕ್ಸ್ ಒಳಗೆ ಮಾಡುವ ಹಟ ಎಂಥ ಹಟ?

ಶನಿವಾರ ಬೆಳಗ್ಗೆ ಚಪ್ಪಲಿ ಹಾಕಿಕೊಂಡೆ. ಬರೀ ಚಪ್ಪಲಿ. ಉಂಗುರಗಳನ್ನು ಟೂತ್‌ಪೇಸ್ಟ್ ಹಚ್ಚಿ ಉಜ್ಜಿದ್ದೆ. ಅದು ಸ್ವಲ್ಪ ಜಾಸ್ತಿಯಾಯಿತು ಅಂತ ಈಗ ಅನಿಸುತ್ತೆ. ಆಗ ಅನಿಸಲಿಲ್ಲ.

ಆಪಾ ಕಾರು ನಿಲ್ಲಿಸಿ ನನ್ನ ಕಾಲು ನೋಡಿದರು. "ಯಾ ಅಲ್ಲಾ, ಟೀಚರಮ್ಮ ಯುದ್ಧಕ್ಕೆ ಹೊರಟ್ರಾ? ಹತ್ತಿ" ಅಂದರು. ಮುಂದಿನ ಸೀಟಿನಲ್ಲಿ ಮಿಸ್, ಮಡಿಲಲ್ಲಿ ಮೆಷಿನ್. ತಿರುಗಿ ನೋಡಲಿಲ್ಲ. ಇಳೀರಿ ಅಂತಲೂ ಹೇಳಲಿಲ್ಲ. ಬೇರೆಯವರ ಕಾರಿನಲ್ಲಿ ಹೇಗೆ ಹೇಳುತ್ತಾರೆ?

ಫಾರ್ಮ್‌ನಲ್ಲಿ ಅವರಿಬ್ಬರೂ ಚಿಮಣಿ ಕಡೆ ಹೋದರು. ನಾನು ಒಲೆಕಲ್ಲುಗಳ ಸಾಲಿನ ಹತ್ತಿರ ಕೂತು ಕೈಗುದ್ದಲಿಯಿಂದ ಸುಮ್ಮನೆ ಮಣ್ಣು ಕೆದಕುತ್ತಿದ್ದೆ. ಗಂಟೆ ಕಳೆದ ಮೇಲೆ ಮಿಸ್ ಮೆಷಿನ್ ಆಡಿಸುತ್ತ ಅದೇ ಸಾಲಿಗೆ ಬಂದರು, ಹಿಂದೆ ಗುದ್ದಲಿ ಹಿಡಿದು ಆಪಾ. ನನ್ನಿಂದ ಒಂದು ಮಾರು ದೂರದಲ್ಲಿ ಹಕ್ಕಿ ಕೂಗಿತು.

"ನಿಮ್ಮ ಕಾಲು" ಅಂದರು ಮಿಸ್, ಮುಂದೆ ಹೋಗುತ್ತ.

"ಅಲ್ಲ. ಅಲ್ಲೇ ನಿಲ್ಲಿಸಿ."

"ಹೋದ ಸಲ ಮೂರು ಗುಂಡಿ ತೋಡಿಸಿದ್ದು ಸಾಲದಾ?"

ಎದ್ದೆ. ಚಪ್ಪಲಿ ಅಲ್ಲೇ ಬಿಟ್ಟು, ಹುಲ್ಲು ತುಳಿದುಕೊಂಡು, ಬೇಲಿಯ ತನಕ ನಡೆದೆ. ಅಲ್ಲಿ ನಿಂತು ಒಂದು ಕಾಲನ್ನು ಬೇಲಿಯ ಕೆಳಗಿನ ಪಟ್ಟಿಯ ಮೇಲೆ ಎತ್ತಿಟ್ಟೆ, ಎಲ್ಲರಿಗೂ ಕಾಣಲಿ ಅಂತ. "ನನ್ನ ಕಾಲು ಇಲ್ಲಿದೆ ಮಿಸ್. ಈಗ ಆಡಿಸಿ."

ಅವರು ಆಡಿಸಿದರು. ಹಕ್ಕಿ ಕೂಗಿತು. ಇನ್ನೊಂದು ಸಲ. ಮತ್ತೆ ಕೂಗಿತು.

ಆಪಾ ತೋಡಿದರು. ನಾನು ವಾಪಸ್ ಬರುವಷ್ಟರಲ್ಲಿ ಮಿಸ್ ಮೊಣಕಾಲೂರಿ ಕೂತು ಬೆರಳಲ್ಲಿ ಮಣ್ಣು ಸರಿಸುತ್ತಿದ್ದರು. ಒಂದು ಬೆಳ್ಳಿ ನಾಣ್ಯ. ಎಷ್ಟು ಸವೆದಿತ್ತು ಅಂದರೆ ಮುಖವೂ ಇಲ್ಲ, ಅಕ್ಷರವೂ ಇಲ್ಲ, ಎಲೆಯಷ್ಟು ತೆಳು. ಅಂಚಿನ ಹತ್ತಿರ ಒಂದು ತೂತು, ಮೊಳೆಯಲ್ಲಿ ಹೊಡೆದ ಹಾಗೆ.

ಯಜಮಾನರಿಗೆ ತೋರಿಸಿದೆವು. ಅವರು ಬಹಳ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡರು. ಅವರ ಅಜ್ಜಿ ಚಿಕ್ಕವಳಿದ್ದಾಗ ಆ ಸಾಲಿನಲ್ಲಿ ಒಬ್ಬ ಕರಿಯ ಮುದುಕಿ ಇನ್ನೂ ಇದ್ದಳಂತೆ. ಗುಲಾಮಗಿರಿಯಿಂದ ಬಿಡುಗಡೆಯಾದ ಮೇಲೂ ಎಲ್ಲಿಗೂ ಹೋಗದೆ ಉಳಿದವಳು. ಕಾಲಿನ ಗಿಣ್ಣಿಗೆ ದಾರದಲ್ಲಿ ಇಂಥ ಒಂದು ನಾಣ್ಯ ಕಟ್ಟಿಕೊಂಡಿರುತ್ತಿದ್ದಳು, ಸ್ಟಾಕಿಂಗ್ ಒಳಗೆ. ಯಾಕೆ ಅಂತ ಅಜ್ಜಿಗೆ ಗೊತ್ತಿರಲಿಲ್ಲ. ಇದು ಅವಳದೇ ಅಂತಲೂ ಹೇಳೋಕಾಗಲ್ಲ ಅಂದರು.

"ತಾಯತ" ಅಂದರು ಆಪಾ. ಅದಕ್ಕಿಂತ ಹೆಚ್ಚು ವಿವರಣೆ ನಮಗೆ ಬೇಕಾಗಲಿಲ್ಲ.

"ಇದನ್ನ ನಿಮ್ಮ ಡ್ರಾಯರ್‌ನಲ್ಲಿ ಹಾಕಬೇಡಿ" ಅಂದೆ ಯಜಮಾನರಿಗೆ. ಟೀಚರ್ ದನಿಯಲ್ಲೇ ಅಂದೆ ಅಂತ ಕಾಣುತ್ತೆ, ಅವರು ನೆಟ್ಟಗೆ ನಿಂತರು. "ಆ ಸಾಲಿನವರ ಮಕ್ಕಳು ಮೊಮ್ಮಕ್ಕಳು ಯಾರಾದರೂ ಇಲ್ಲೇ ಇರಬೇಕಲ್ಲ."

"ರಸ್ತೆ ಕೆಳಗಿನ ಚರ್ಚ್‌ಗೆ ಬರ್ತಾರೆ ಮ್ಯಾಮ್. ನನಗೆ ಗೊತ್ತು ಅವರು."

"ಹಾಗಾದರೆ ಭಾನುವಾರ ತೆಗೆದುಕೊಂಡು ಹೋಗಿ."

ಹೋದರು ಕೂಡ. ಆಮೇಲೆ ಕೇಳಿ ಖಚಿತ ಮಾಡಿಕೊಂಡೆ.

ವಾಪಸ್ ಬರುವಾಗ ಮಿಸ್ ಮುಂದಿನ ಸೀಟಿನಲ್ಲಿ ಕೂರಲಿಲ್ಲ. ಹಿಂದೆ, ನನ್ನ ಪಕ್ಕ ಕೂತರು. ಮೆಷಿನ್ ನಮ್ಮಿಬ್ಬರ ನಡುವೆ. ಆಫ್ ಮಾಡಿರಲಿಲ್ಲವೋ ಏನೋ, ಕಾರು ತಿರುವಿನಲ್ಲಿ ವಾಲಿದಾಗ ತಟ್ಟೆ ನನ್ನ ಕಾಲ ಕಡೆ ಜಾರಿ ಟುಯ್ಯ್ ಅಂದಿತು. ಆಪಾ ಕನ್ನಡಿಯಲ್ಲಿ ನೋಡಿದರು. ಮಿಸ್ ಬಗ್ಗಿ ಆಫ್ ಮಾಡಿದರು. ಬಗ್ಗಿದವರು ತಕ್ಷಣ ಏಳಲಿಲ್ಲ. ಇಕ್ಕಳದ ಗೆರೆ ಇರುವ ಉಂಗುರವನ್ನು ನೋಡುತ್ತಿದ್ದರು ಅಂತ ಕಾಣುತ್ತೆ.

"ನನ್ನದು ಎರಡೇ ಸುತ್ತಿಂದು" ಅಂದರು, ನೆಲದ ಕಡೆಗೆ. "ಎಲ್ಲಿಟ್ಟಿದಾರೋ ಏನೋ."

ಅವರು ಎದ್ದು ಕೂತು, ಸೆರಗು ಸರಿ ಮಾಡಿಕೊಂಡು, ಹೆಡ್‌ಮಿಸ್ಟ್ರೆಸ್ ದನಿ ಹಾಕಿಕೊಂಡರು.

"ಮುಂದಿನ ಶನಿವಾರ ಚಪ್ಪಲಿಯಲ್ಲಿ ಬರಬೇಡಿ ಇವ್ರೇ. ಆ ಹುಲ್ಲಲ್ಲಿ ಟಿಕ್ ಅನ್ನೋ ಉಣ್ಣಿ ಹುಳ ಇರತ್ತೆ, ಕಚ್ಚಿದರೆ ಆಸ್ಪತ್ರೆಗೆ ಯಾರು ಓಡ್ತಾರೆ? ಸಾಕ್ಸ್ ಹಾಕ್ಕೊಂಡು ಬನ್ನಿ."

"ಹಾಕ್ಕೊತೀನಿ" ಅಂದೆ. "ಉಂಗುರದ ಮೇಲೆ."

"ಮತ್ತೆ ಇನ್ನೆಲ್ಲಿ?" ಅಂದರು ಮಿಸ್, ಕಿಟಕಿಯ ಆಚೆ ನೋಡುತ್ತ.