ದೇವಿದಾಸ ಮಾಸ್ತರರ ಅವಿಭಾಜ್ಯ ಸಂಖ್ಯೆ

ಮಲ್ಲಾಪುರದ ಟೌನ್‌ಶಿಪ್ಪಿನ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ದೇವಿದಾಸ ನಾಯಕರು ತಪ್ಪು ಮಾಡಿದ್ದನ್ನು ಕಂಡವರಿಲ್ಲ. ಕಂಡವರಿದ್ದರೂ ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ. ಲೆಕ್ಕವನ್ನು ಅರ್ಧಕ್ಕೆ ಬಿಟ್ಟ ಮಕ್ಕಳನ್ನು ಅವರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಬಾಳೆಗುಳಿಯ ಹತ್ತಿರ ಮನೆ ಕಟ್ಟಿಸಿದಾಗ ಹೆಂಡತಿ ಸುಗಂಧಾ 'ಶಾಂತಾದುರ್ಗಾ ಕೃಪಾ' ಎಂದು ಹೆಸರಿಡೋಣ ಎಂದರು. ದೇವರ ಹೆಸರು ಯಾರು ಬೇಕಾದರೂ ಇಟ್ಟಾರು ಎಂದು ಮಾಸ್ತರರು ಗೇಟಿನ ಗ್ರಾನೈಟಿನಲ್ಲಿ ಕೆತ್ತಿಸಿದ್ದು 4294967297.

"ಇದೆಂತಾ ಮಾಸ್ತರ್ರೆ, ಫೋನ್ ನಂಬರಾ?" ಎಂದಳು ಕೇಣಿಯಿಂದ ಮೀನು ತರುವ ಸೋಮಿ.

ಮಾಸ್ತರರಿಗೆ ಒಬ್ಬ ವಿದ್ಯಾರ್ಥಿನಿ ಸಿಕ್ಕಂತಾಯಿತು. "ಎರಡನ್ನ ಎರಡರಿಂದ ಗುಣಿಸು, ನಾಲ್ಕು. ನಾಲ್ಕನ್ನ ನಾಲ್ಕರಿಂದ, ಹದಿನಾರು. ಹೀಗೇ ಹೋದ್ರೆ 256, ಆಮೇಲೆ 65536. ಒಂದೊಂದಕ್ಕೂ ಒಂದು ಸೇರಿಸು. 5, 17, 257, 65537. ಒಂದೂ ಯಾವುದ್ರಿಂದ್ಲೂ ಭಾಗ ಹೋಗೂದಿಲ್ಲ. ಅದರ ಮುಂದಿನದೇ ಇದು! ಇದೂ ಹೋಗೂದಿಲ್ಲ."

"ಬಂಗಡೆ ಬೇಕಾ, ಬ್ಯಾಡ್ವಾ?" ಎಂದಳು ಸೋಮಿ.

ಗೃಹಪ್ರವೇಶಕ್ಕೆ ಕಾರವಾರದಿಂದ ಅಕ್ಕ ವೈಜಯಂತಿ ಬಂದರು. ಬಂದ ನೆಂಟರಿಗೆಲ್ಲ ಮಾಸ್ತರರು ಗೇಟಿನಲ್ಲೇ ಪಾಠ ಮಾಡುತ್ತಿದ್ದರು. ಊಟಕ್ಕೆ ಎಲೆ ಹಾಕುವುದನ್ನೇ ಕಾಯುತ್ತಿದ್ದ ಅಕ್ಕನಿಗೆ ಸಾಕಾಯಿತು.

"ಭಾಗ ಹೋಗೂದಿಲ್ಲ ಹೇಳಿ ನೀ ನೋಡಿದ್ಯಾ, ದೇವು?"

"631ರ ತನಕ ಎಲ್ಲಾ ಅವಿಭಾಜ್ಯಗಳಿಂದ ಕೈಯಲ್ಲೇ ಭಾಗಿಸಿ ನೋಡಿದೇನೆ. ಇನ್ನೆಂತಾ ಬೇಕು?"

ನಿಯಮದ ಪ್ರಕಾರ ಸಂಖ್ಯೆಯ ವರ್ಗಮೂಲದ ತನಕ, ಅಂದರೆ ಅರವತ್ತೈದು ಸಾವಿರ ದಾಟುವವರೆಗೆ ನೋಡಬೇಕಿತ್ತು. ಆದರೆ ಆ ನಿಯಮ ಬೆಂಚಿನ ಮೇಲೆ ನಿಲ್ಲುವವರಿಗೆ ಇರಬೇಕು.

"631 ಆದ್ಮೇಲೆ ಯಾವ್ದು ಬತ್ತದೆ?"

"641. ಅದ್ರಿಂದ್ಲೂ ಹೋಗೂದಿಲ್ಲ ಬಿಡು."

ಅಕ್ಕ ಮೊಬೈಲ್ ತೆಗೆದು ಒತ್ತಿದರು. "ಹೋಯ್ತಲ್ಲೋ! 6700417. ಶೇಷ ಎಂತದೂ ಇಲ್ಲ."

"ಮೊಬೈಲಿಗೆ ಎಂತಾ ಗೊತ್ತಾಗ್ತದೆ?" ಎಂದ ಮಾಸ್ತರರು ಹಳೆಯ ಪೇಪರಿನ ಅಂಚಿನಲ್ಲಿ ಭಾಗಿಸಿದರು. ಮತ್ತೊಮ್ಮೆ ಭಾಗಿಸಿದರು. ಆಮೇಲೆ ಊಟಕ್ಕೆ ಕೂತರೂ ಪಾಯಸ ಮುಟ್ಟಲಿಲ್ಲ. ನೆಂಟರೆಲ್ಲ ಹೋದ ಮೇಲೆ ಆ ಕಲ್ಲಿಗೆ ತಾವೇ ಗೋಣಿಚೀಲ ಕಟ್ಟಿದರು.

ವಾರ ಕಳೆಯುವಷ್ಟರಲ್ಲಿ ಗೋಣಿಚೀಲ ಬಿಚ್ಚಿತು. ಸುಮಾರು ನಾಲ್ಕು ಶತಮಾನದ ಹಿಂದೆ ಫ್ರಾನ್ಸಿನ ಮಹಾ ಗಣಿತಜ್ಞನೊಬ್ಬ ಇದೇ ಸಂಖ್ಯೆಯನ್ನು ಅವಿಭಾಜ್ಯ ಎಂದೇ ನಂಬಿದ್ದನಂತೆ. ಅದು ತಪ್ಪೆಂದು ತೋರಿಸಲು ಇನ್ನೊಬ್ಬ ಮಹಾಶಯ ಬರುವಷ್ಟರಲ್ಲಿ ಹತ್ತಿರ ಹತ್ತಿರ ನೂರು ವರ್ಷವಾಗಿತ್ತಂತೆ. ಇದನ್ನು ಹಳೆಯ ಪುಸ್ತಕವೊಂದರಲ್ಲಿ ಓದಿದ್ದೇ ತಡ, ಮಾಸ್ತರರು ಅಕ್ಕನಿಗೆ ಫೋನ್ ಮಾಡಿದರು.

"ಅಂಥವ್ನೇ ತಪ್ಪಿದ್ದ, ಅಕ್ಕಾ! ಇದು ದೊಡ್ಡವ್ರು ಮಾಡೂ ತಪ್ಪು!"

"ಹೌದೇ? ಪಾಪ, ಅವ್ನಿಗೆ ಅಕ್ಕ ಇರ್ಲಿಲ್ಲ ಕಾಣ್ತದೆ," ಎಂದರು ವೈಜಯಂತಿ.

ಈಗ ಮಾಸ್ತರರ ಪಾಠ ಮೊದಲಿಗಿಂತ ಉದ್ದವಾಗಿದೆ. ಸೋಮಿ ಹಿತ್ತಿಲ ದಾರಿಯಿಂದ ಬರುತ್ತಾಳೆ.