ಚೀಟಿಯಕ್ಕ ಬರೆಯದೆ ಬಿಟ್ಟ ಹೆಸರು

ಗೋಡೆಯಾಚೆಯಿಂದ ದನಿಯೊಂದು ಕೇಳಿಸಿತು. ಮೊದಲು ಕೆಮ್ಮು. ಆಮೇಲೆ ಬಹಳ ದಿನ ಮುಚ್ಚಿದ್ದ ಬಾಗಿಲನ್ನು ಯಾರೋ ಮೆಲ್ಲಗೆ ತಳ್ಳಿದಂಥ ಒಂದು ಸ್ವರ. ಅದು ನಡುಗಿತು, ನಿಂತಿತು, ಮತ್ತೆ ಏರಿ ಕೀರ್ತನೆಯೊಂದರ ಮೊದಲ ಸಾಲನ್ನು ಮುಟ್ಟಿತು. ಏಳು ತಿಂಗಳಿಂದ ಆ ಮನೆಯಲ್ಲಿ ಸ್ಲೇಟು ಬಳಪದಲ್ಲೇ ಮಾತು ನಡೆದಿತ್ತು.

ಈಚೆ ಮನೆಯಲ್ಲಿ ಚೀಟಿಯಕ್ಕನ ಚಿಮುಟದಿಂದ ಸ್ಕ್ರೂ ಜಾರಿತು. ಎಳ್ಳಿಗಿಂತ ಸಣ್ಣ ಸ್ಕ್ರೂ.

“ತಮ್ಮನ ಗಂಟಲು ಬಂತು, ಗಿರಾಕಿಯ ಸ್ಕ್ರೂ ಹೋಯ್ತು,” ಎಂದ ಗಂಡ. “ಹುಡುಕೇ.”

ಅವಳು ಅಯಸ್ಕಾಂತ ಹಿಡಿದು ಮೇಜಿನ ಕೆಳಗೆ ತೂರಿದಳು. ಮೈದುನನಿಗೆ ಮಾತು ಬಂದಿದೆ, ಸಂತೋಷವಾಗಬೇಕು. ಮೊಣಕಾಲೂರಿ, ಯಾರಿಗೂ ಮುಖ ಕಾಣದ ಆ ಕತ್ತಲಲ್ಲಿ, ಅವಳು ಸಂತೋಷಕ್ಕಾಗಿ ಸ್ವಲ್ಪ ಹೊತ್ತು ಕಾದಳು. ಅದು ಬರಲಿಲ್ಲ. ಬಂದದ್ದು ಹೊಟ್ಟೆಯುರಿ, ಹಸಿ ಮೆಣಸಿನಕಾಯಿ ಕಚ್ಚಿದ ಹಾಗೆ. ಅದರ ಬೆನ್ನಿಗೇ ಭಯ.

ಗಂಡ ಗಡಿಯಾರ ರಿಪೇರಿಯವನು. ಮೂರು ವರ್ಷ ಐದು ತಿಂಗಳ ಹಿಂದೆ ಅವನ ಕೈ ನಡುಗಲು ಶುರುವಾಯಿತು. ಮೊದಲು ಟೀ ಲೋಟ ತುಳುಕಿತು, ಆಮೇಲೆ ಅಂಗಿಯ ಗುಂಡಿ ತಪ್ಪಿತು, ಕೊನೆಗೆ ಚಿಮುಟ. ಅಂಗಡಿ ಮುಚ್ಚಲು ಮನಸ್ಸು ಬಾರದೆ ಅವನು ಮನೆಯ ಮುಂದಿನ ಕೋಣೆಗೇ ಮೇಜು ತಂದ. ಅಂದಿನಿಂದ ಭೂತಗನ್ನಡಿಯ ಈ ಬದಿ ಅವನ ಕಣ್ಣು, ಆ ಬದಿ ಅವಳ ಕೈ. “ಎಡಕ್ಕೆ. ಇನ್ನೂ ಎಡಕ್ಕೆ. ಉಸಿರು ಬಿಡಬೇಡ. ಈಗ ಇಳಿಸು.” ಅವಳು ಕೆಲಸ ಕಲಿತಳೆಂದು ಜನ ತಿಳಿದಿದ್ದರು. ಕಲಿತದ್ದು ಏನೂ ಇರಲಿಲ್ಲ. ಅವನು ಕಣ್ಣು ಮುಚ್ಚಿದರೆ ಅವಳಿಗೆ ಗಡಿಯಾರದ ಹೊಟ್ಟೆ ಡಬ್ಬಿಯಲ್ಲಿ ಹಿಡಿದಿಟ್ಟ ಹುಳಗಳಷ್ಟೇ.

ಚೀಟಿಯಕ್ಕ ಎಂಬ ಹೆಸರು ಬಂದದ್ದು ಚರ್ಚಿನಿಂದ. ಅಲ್ಲಿ ಬಾಗಿಲ ಪಕ್ಕ ಮರದ ಪೆಟ್ಟಿಗೆಯೊಂದಿದೆ. ಪ್ರಾರ್ಥನೆ ಬೇಕಾದವರು ಚೀಟಿ ಬರೆದು ಹಾಕುತ್ತಾರೆ. ಬುಧವಾರ ನಾಲ್ಕು ಗಂಟೆಗೆ ಹೆಂಗಸರು ಕೂಡುವ ಮೊದಲು ಅವಳು ಪೆಟ್ಟಿಗೆ ತೆರೆದು, ಹೆಸರು ತಾರೀಕುಗಳನ್ನು ಉದ್ದನೆಯ ಪುಸ್ತಕಕ್ಕಿಳಿಸಿ, ಗಟ್ಟಿಯಾಗಿ ಓದಬೇಕು. ಚೀಟಿ ಬಾರದೆ ಯಾರ ಮನೆಯ ವಿಷಯವನ್ನೂ ಎತ್ತುವಂತಿಲ್ಲ. ಹಿಂದೊಮ್ಮೆ ಯಾರೋ ಅಕ್ಕರೆಯಿಂದಲೇ ಇನ್ನೊಬ್ಬರ ಮಗಳಿಗಾಗಿ ಗಟ್ಟಿಯಾಗಿ ಪ್ರಾರ್ಥಿಸಿ, ಊರಿಗೆಲ್ಲ ಸುದ್ದಿಯಾಗಿ, ಎರಡು ಕುಟುಂಬ ಮುಖ ತಿರುಗಿಸಿದ ಮೇಲೆ ಆದ ಕಟ್ಟಳೆ ಅದು. ಕೇಳಿದ್ದು ಸಿಕ್ಕಿದರೆ ಹೆಸರಿನ ಮೇಲೆ ಕೆಂಪು ಗೆರೆ. ಭಾನುವಾರ ಸಭಾಪಾಲಕರು ಪುಸ್ತಕದ ತಾರೀಕು ಹೇಳಿಸುತ್ತಾರೆ, ಕೇಳಿದವರು ಎದ್ದು ದೇವರು ಕೊಟ್ಟನೆಂದು ಸಾಕ್ಷಿ ಹೇಳುತ್ತಾರೆ. ಸಿಗದಿದ್ದರೆ ತಿಂಗಳು ತಿರುಗಿದಾಗ ಹೊಸ ಪುಟಕ್ಕೆ ಮತ್ತೆ ಬರೆಯಬೇಕು.

“ನನ್ನ ಗಂಡನ ಕೈ” ಎಂದು ಅವಳು ನಲವತ್ತೊಂದು ಸಲ ಬರೆದಿದ್ದಳು.

ಗೋಡೆಯಾಚೆಯ ಓರಗಿತ್ತಿಯ ಹೆಸರಿನ ಮೇಲೆ ಮೂರು ಕೆಂಪು ಗೆರೆಗಳಿದ್ದವು. ಮಗಳಿಗೆ ಶಾಲೆಯಲ್ಲಿ ಸೀಟು ಬೇಕೆಂದಳು, ಸಿಕ್ಕಿತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಕೇಳಿದಳು, ಸಿಕ್ಕಿತು. ತವರಿನ ತಾಯಿಯ ಜ್ವರ ಇಳಿಯಲಿ ಎಂದಳು, ಚೀಟಿಯ ಶಾಯಿ ಆರುವ ಮೊದಲೇ ಮುದುಕಿ ಎದ್ದು ಅಡುಗೆಗೆ ಹೆಸರಿಡುತ್ತಿದ್ದಳು. ಮೂರು ಗೆರೆಗಳನ್ನೂ ಚೀಟಿಯಕ್ಕನೇ ಅಡಿಪಟ್ಟಿ ಇಟ್ಟು ನೇರವಾಗಿ ಎಳೆದಿದ್ದಳು. ಎರಡು ಜಡೆ ಒಂದೆಡೆ ಕೂಡದು ಎನ್ನುವ ಜನರ ಬಾಯಿ ಮುಚ್ಚಿಸಲು ಇಬ್ಬರೂ ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು.

ನಾಲ್ಕನೆಯ ಚೀಟಿ ಏಳು ತಿಂಗಳ ಹಿಂದೆ ಬಂತು. ಗಾಯಕವೃಂದದ ಮುಂದಾಳಾಗಿದ್ದ ಮೈದುನನಿಗೆ ಗಂಟಲಿನ ಆಪರೇಷನ್ ಆಗಿ ಮಾತು ನಿಂತಿತ್ತು. ಬರಬಹುದು, ಬರದೆಯೂ ಇರಬಹುದು ಎಂದಿದ್ದರು ಡಾಕ್ಟರು. ಓರಗಿತ್ತಿಯ ದುಂಡು ಅಕ್ಷರ: “ನಮ್ಮವರ ದನಿಗಾಗಿ.” ಪೆನ್ನು ಹಿಡಿದ ಚೀಟಿಯಕ್ಕನ ಕೈ ನಿಂತುಬಿಟ್ಟಿತು. ಒಂದು ವಾರ ಕಾಯಲಿ, ಅನ್ನಿಸಿತು. ಕಾಯುವುದೆಂದರೇನೆಂದು ಅವಳಿಗೂ ಗೊತ್ತಾಗಲಿ. ಚೀಟಿ ರವಿಕೆಯೊಳಗೆ ಸೇರಿತು, ಮನೆಯಲ್ಲಿ ಒಲೆ ಸೇರಿತು.

ಮುಂದಿನ ಬುಧವಾರ ನಿವೃತ್ತ ನರ್ಸಜ್ಜಿ ಕೇಳಿಯೇ ಕೇಳಿದಳು: “ನಿನ್ನ ಮೈದುನನ ಹೆಸರು ಬರಲಿಲ್ಲವಲ್ಲೇ?”

“ಅವರು ಚೀಟಿ ಹಾಕಿಲ್ಲ ಅಜ್ಜಿ.”

ಓರಗಿತ್ತಿಗೆ ಬುಧವಾರ ಕೆಲಸ. ಕೂಟಕ್ಕೆ ಬಂದವಳೇ ಅಲ್ಲ. ಒಂದು ಸುಳ್ಳು ಏಳು ತಿಂಗಳು ಬಾಳಿತು.

ಇನ್ನೂ ಸ್ಕ್ರೂ ಸಿಕ್ಕಿರಲಿಲ್ಲ, ಓರಗಿತ್ತಿ ಒದ್ದೆ ಕೈಯಲ್ಲೇ ಓಡಿ ಬಂದಳು.

“ಅಕ್ಕಾ! ಕೇಳಿಸ್ತಾ? ಭಾವ, ನಿಮಗೂ ಕೇಳಿಸ್ತಾ? ಬೆಳಿಗ್ಗೆ ನನ್ನ ಬೈದ್ರು ಅಕ್ಕ, ಬಾಯ್ಬಿಟ್ಟು ಬೈದ್ರು! ಉಪ್ಪು ಜಾಸ್ತಿ ಅಂತ.”

“ಏಳು ತಿಂಗಳ ಬಾಕಿ ಇದೆ, ಇನ್ನೂ ಬೈತಾನೆ ತಾಳು,” ಎಂದ ಗಂಡ.

“ಬೈಲಿ ಭಾವ. ನಾಡಿದ್ದು ಸಾಕ್ಷಿ ಹೇಳ್ತೀನಿ ಅಂತ ಅಯ್ಯನೋರಿಗೆ ಹೇಳಿ ಕಳಿಸಿದೀನಿ. ಅಕ್ಕ, ತಾರೀಕು ಒಂದು ನೋಡಿಟ್ಟಿರಿ, ಆಯ್ತಾ? ನೀವೆಲ್ಲ ಪ್ರಾರ್ಥನೆ ಮಾಡಿದ್ದಕ್ಕೆ…” ಮುಂದೆ ಮಾತು ಹೊರಡದೆ ಅವಳು ಚೀಟಿಯಕ್ಕನ ಕೈಯನ್ನು ಎತ್ತಿ ಕೆನ್ನೆಗೊತ್ತಿಕೊಂಡಳು. ಆ ಕೈ ಅಲ್ಲಾಡಲಿಲ್ಲ. ಅಲ್ಲಾಡದ ಕೈ ಮನೆಯಲ್ಲಿ ಅದೊಂದೇ ಇತ್ತು.

ಅವಳು ಹೋದ ಮೇಲೆ ಚೀಟಿಯಕ್ಕ ಪುಸ್ತಕ ತೆರೆದಳು. ಏಳು ತಿಂಗಳ ಹಿಂದಿನ ಪುಟದ ಕೆಳಗೆ ಒಂದು ಸಾಲಿನಷ್ಟು ಜಾಗವಿತ್ತು. ಬರೆದುಬಿಟ್ಟರಾಯಿತು. ಪೆನ್ನಿನ ಮುಚ್ಚಳ ತೆಗೆದಳು.

“ಆ ಪುಟದ ಶಾಯಿ ಮಾಸಿದೆ,” ಎಂದ ಗಂಡ, ತಲೆಯೆತ್ತದೆ. “ಇವತ್ತಿನದು ಎದ್ದು ಕಾಣುತ್ತೆ.”

ಗಡಿಯಾರದ ಚಕ್ರದಲ್ಲಿ ಕೂದಲೆಳೆಯಷ್ಟು ತೇಯ್ದ ಹಲ್ಲನ್ನೂ ಗುರುತಿಸುವ ಕಣ್ಣು. ಅವಳು ಮುಚ್ಚಳ ಹಾಕಿದಳು, ಎಲ್ಲವನ್ನೂ ಹೇಳಿದಳು. ಅವನು ತನ್ನ ಬೆರಳುಗಳನ್ನು ನೋಡಿದ. ಮೇಜಿನ ಮೇಲೆ ಅವು ಮಳೆಹನಿಗಳ ಹಾಗೆ ಟಪಟಪ ಅನ್ನುತ್ತಿದ್ದವು.

“ನನ್ನ ಕೈಗೋಸ್ಕರ ತಮ್ಮನ ಬಾಯಿ ಕಟ್ಟಿಸಿದ್ಯಾ?”

“ಕಟ್ಟಿದೆ ಅಂದ್ಕೊಂಡಿದ್ದೆ ರೀ,” ಎಂದಳು. “ನಲ್ಲಿಯ ತಿರುಪು ನನ್ನ ಕೈಯಲ್ಲೇ ಇದೆ ಅಂತ. ನಾನು ಬರೆಯಲಿಲ್ಲ, ಯಾರೂ ಓದಲಿಲ್ಲ. ಆದರೂ ದೇವರು ಕೊಟ್ಟ. ನಮ್ಮದನ್ನ ಇಪ್ಪತ್ತು ಜನ ಸೇರಿ ಓದಿದ್ರೂ…”

“ಚೀಟಿ ಬರೆದವರಿಗೆ ಮಾತ್ರ ಕಿವಿಗೊಡೋ ದೇವರಾದ್ರೆ, ಬರೆಯಕ್ಕೆ ಬಾರದವರ ಗತಿ ಏನೇ?” ಅವನ ದನಿಯಲ್ಲಿ ಕೋಪವಿತ್ತು, ದಣಿವೂ ಇತ್ತು. “ಹೋಗು. ಮೊದಲು ಅವಳಿಗೆ ಹೇಳು. ಸಭೆಯಲ್ಲಿ ಎಲ್ಲರ ಮುಂದೆ ಗೊತ್ತಾಗಬಾರದು.”

ಶನಿವಾರ ಮಧ್ಯಾಹ್ನ ಹಿತ್ತಲಲ್ಲಿ ಓರಗಿತ್ತಿ ಬಟ್ಟೆ ಹರವುತ್ತಿದ್ದಳು. ಚೀಟಿಯಕ್ಕ ಹಸಿ ಸೀರೆಯ ಇನ್ನೊಂದು ತುದಿ ಹಿಡಿದು, ಅದರ ಮರೆಯಿಂದಲೇ ಹೇಳಿದಳು.

“ಬುಧವಾರ ನಾಲ್ಕು ಗಂಟೆಗೆ ನಾನು ಮಷೀನ್ ನಿಲ್ಲಿಸ್ತಿದ್ದೆ,” ಎಂದಳು ಓರಗಿತ್ತಿ. “ಮೇಸ್ತ್ರಿ ಬೈತಿದ್ದ. ಆದ್ರೂ ಕಣ್ಮುಚ್ಚಿ ನಿಲ್ತಿದ್ದೆ. ಈಗ ಅಕ್ಕ ನಮ್ಮವರ ಹೆಸರು ಓದ್ತಿದ್ದಾರೆ, ಈಗ ಎಲ್ರೂ ಆಮೆನ್ ಅಂತಿದ್ದಾರೆ ಅಂತ. ಪ್ರತಿ ಬುಧವಾರ ಅಕ್ಕ.”

“ತಪ್ಪಾಯ್ತು ಕಣೇ.”

“ಹಾಗಾದ್ರೆ ಆ ಹೊತ್ತಿನಲ್ಲಿ ಬೇಡ್ಕೊಂಡಿದ್ದು ನಾನೊಬ್ಬಳೇನಾ?”

ಹೌದು ಎಂದಳು ಚೀಟಿಯಕ್ಕ. ನಾಚಿಕೆಯ ಸಂಗತಿಯೆಂದರೆ, ಹಾಗೆನ್ನುವಾಗಲೂ ಅವಳೊಳಗೆ ಮತ್ತೆ ಮೆಣಸಿನಕಾಯಿ ಚುರ್ ಎಂದಿತು. ಲಾಂಡ್ರಿಯ ಆವಿಯಲ್ಲಿ ನಿಂತ ಒಬ್ಬಳ ಬೇಡಿಕೆ, ಇಪ್ಪತ್ತು ಹೆಂಗಸರ ಆಮೆನ್ ಮುಟ್ಟದ ಕಡೆ ಮುಟ್ಟಿತ್ತು. ಓರಗಿತ್ತಿ ಸೀರೆಯನ್ನು ಕಸಿದುಕೊಂಡು, ಬುಟ್ಟಿ ಎತ್ತಿಕೊಂಡು, ಒಳಗೆ ಹೋಗಿ ಬಾಗಿಲು ಹಾಕಿದಳು.

ಆ ಸಂಜೆ ಎಂದಿನಂತೆ ಪ್ರಾರ್ಥನೆಗೆ ಕೂತಾಗ ಚೀಟಿಯಕ್ಕನಿಗೆ ಹೇಳಲು ಏನೂ ತೋಚಲಿಲ್ಲ. ಇಷ್ಟು ದಿನ ದೇವರ ಮುಂದೆ ಅವಳು ಕಚೇರಿಯ ಗುಮಾಸ್ತೆಯ ಹಾಗೆ ಕೂರುತ್ತಿದ್ದಳು, ಕಡತದಲ್ಲಿ ಎಲ್ಲ ಸರಿಯಿದ್ದೂ ಕೆಲಸ ಆಗುತ್ತಿಲ್ಲವಲ್ಲ ಎಂಬ ದೂರಿನೊಂದಿಗೆ. ಈಗ ಕಡತವೇ ಕಳಚಿ ಬಿದ್ದಿತ್ತು. ಯಾಕೆ ಕೊಟ್ಟ, ಯಾಕೆ ಕೊಡಲಿಲ್ಲ, ಅವಳಿಗೆ ತಿಳಿಯದು. ತನಗೆ ತಿಳಿಯದ ಆ ದೇವರ ಮುಂದೆಯೇ ಕೂತಿದ್ದಳು, ಎದ್ದು ಹೋಗಲು ಬೇರೆ ಜಾಗವಿರಲಿಲ್ಲ. “ಕೈ,” ಎಂದಳು. ಅಷ್ಟೇ ಪ್ರಾರ್ಥನೆ. ವಿಚಿತ್ರವೆಂದರೆ, ಬಹಳ ದಿನಗಳ ನಂತರ ಅದು ಬೇಡಿಕೊಂಡ ಹಾಗೆ ಅನ್ನಿಸಿತು.

ಭಾನುವಾರ ಒಂದೇ ಬೆಂಚಿನಲ್ಲಿ ಕೂತರು, ನಡುವೆ ಇಬ್ಬರು ಕೂರುವಷ್ಟು ಜಾಗ ಬಿಟ್ಟು. ಬೋಧನೆ ಮುಗಿದ ಮೇಲೆ ಸಭಾಪಾಲಕರು ನಗುತ್ತ ಕೇಳಿದರು: “ಚೀಟಿಯಕ್ಕ, ತಾರೀಕು ಓದಮ್ಮ.”

ಅವಳು ಎದ್ದಳು. “ಪುಸ್ತಕದಲ್ಲಿ ಇಲ್ಲ ಅಯ್ಯನೋರೇ. ಚೀಟಿ ಬಂದಿತ್ತು.”

“ಮರೆತಿರ್ತೀಯ ಬಿಡು. ಮನೆಯಲ್ಲಿ ನಿನಗೂ ಕಷ್ಟವಿದೆ.”

ಎಷ್ಟು ಸುಲಭವಾಗಿ ತೆರೆದ ಬಾಗಿಲು. ಹೂಂ ಎಂದರೆ ಸಾಕು, ಸಭೆಗೆ ಸಭೆಯೇ ಮರುಗುತ್ತಿತ್ತು.

“ಮರೆತಿಲ್ಲ. ಇವಳು ಕೇಳಿದ್ದೆಲ್ಲ ಸಿಗುತ್ತೆ ಅಂತ ಹೊಟ್ಟೆಕಿಚ್ಚಿಗೆ ಬರೆಯಲಿಲ್ಲ. ಚೀಟಿ ಹಾಕಿಲ್ಲ ಅಂತ ನಿಮಗೆಲ್ಲ ಸುಳ್ಳು ಹೇಳಿದೆ.”

ಯಾರದೋ ಮಗು ಅತ್ತು ಸುಮ್ಮನಾಯಿತು. ಆಗ ಓರಗಿತ್ತಿ ಎದ್ದು, ಅವಳತ್ತ ನೋಡದೆ, ಸಾಕ್ಷಿ ಹೇಳಿದಳು, ಎರಡೇ ಮಾತು. ದನಿ ಬಂತು, ಕರ್ತನಿಗೆ ಸ್ತೋತ್ರ. ಯಾರಿಗೂ ವಂದನೆ ಹೇಳಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಹೆಂಗಸರು ಚೀಟಿಯಕ್ಕನ ಸುತ್ತ ಸ್ವಲ್ಪ ಬಯಲು ಬಿಟ್ಟೇ ನಿಂತರು. ಸಭಾಪಾಲಕರು ಪುಸ್ತಕವನ್ನು ನರ್ಸಜ್ಜಿಗೆ ಕೊಟ್ಟಿದ್ದರು. ಅಜ್ಜಿ ಅದನ್ನು ಕಂಕುಳಲ್ಲಿ ಇರುಕಿಸಿಕೊಂಡು ಹತ್ತಿರ ಬಂದಳು.

“ಏನೇ, ಬುಧವಾರ ನಿನ್ನ ಗಂಡನ ಕೈ ಓದೋದಾ, ಬಿಡೋದಾ?”

“ಓದಿ ಅಜ್ಜಿ.”

“ಇಷ್ಟಾದ ಮೇಲೂ ಕೊಡ್ತಾನೆ ಅಂತೀಯಾ?”

“ಕೊಡ್ತಾನೋ ಬಿಡ್ತಾನೋ. ಕೇಳೋದಂತೂ ಅವನನ್ನೇ. ಬೇರೆ ಯಾರಿದ್ದಾರೆ?”

ಗೇಟಿನ ಹತ್ತಿರ ತಮ್ಮನ ಹೆಗಲ ಮೇಲೆ ಒಂದು ಕೈಯಿಟ್ಟು ನಿಂತಿದ್ದ ಗಂಡ, ಇನ್ನೊಂದು ಕೈಯಲ್ಲಿ ಕೊಡೆ ಬಿಚ್ಚಲು ಹೆಣಗುತ್ತಿದ್ದ. ಓರಗಿತ್ತಿ ಪಕ್ಕದಲ್ಲೇ ಇದ್ದಳು. ನೋಡಿದಳು, ಮುಂದೆ ಬರಲಿಲ್ಲ. ಮೈದುನ ಗಂಟಲು ಸರಿಮಾಡಿಕೊಂಡು ಏನೋ ಹೇಳಿದ, ಮೂವರಲ್ಲಿ ಇಬ್ಬರು ನಕ್ಕರು. ಆ ದನಿ ಕೇಳುತ್ತಲೇ ಚೀಟಿಯಕ್ಕನ ಹೊಟ್ಟೆಯಲ್ಲಿ ಮತ್ತೆ ಚುರ್ ಎಂದಿತು.

“ಅಜ್ಜಿ, ಇನ್ನೊಂದೂ ಬರ್ಕೊಳ್ಳಿ, ನನ್ನ ಹೆಸರಲ್ಲೇ,” ಎಂದಳು ಅವಳು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿಯುತ್ತ, ಕೊಡೆಯತ್ತ ಹೆಜ್ಜೆ ಹಾಕುತ್ತ, “ಈ ಉರಿ ಇನ್ನೂ ಹೋಗಿಲ್ಲ, ಅದಕ್ಕೂ ನೀವೆಲ್ಲ ಸೇರಿ ಒಂದು— ಅಯ್ಯೋ, ಹಾಗೆ ಎಳೀಬೇಡಿ ರೀ, ಕಡ್ಡಿ ಮುರಿಯುತ್ತೆ, ತಾಳಿ, ನಾನು ಬಿಚ್ತೀನಿ.”